20 ಎಚ್‌ಪಿ ಕಾರಿನ ಹಿಂದೆ ಒಂದು ದೋಣಿ

ಡೆಟ್ರಾಯ್ಟಿನ ಮರದ ವ್ಯಾಪಾರಿ ಫ್ರೆಡರಿಕ್ ಸಿಬ್ಲಿ 1914ರಲ್ಲಿ ತಮ್ಮ ದೋಣಿಯನ್ನು ಸರೋವರದ ದಂಡೆಯ ಬೇಸಿಗೆ ಮನೆಗೆ ಸಾಗಿಸಬೇಕಾಗಿತ್ತು. ಕೈಯಲ್ಲಿದ್ದದ್ದು ಒಂದು ಫೋರ್ಡ್ ಮಾಡೆಲ್ ಟಿ. 4 ಸಿಲಿಂಡರ್, 2.9 ಲೀಟರ್, 20 ಎಚ್‌ಪಿ. ಇಂದು ನಮ್ಮ ಹಿರಿಯೂರು ಸೀಮೆಯ ಹೊಲಗಳಲ್ಲಿ ಓಡಾಡುವ ಸಾಮಾನ್ಯ ಟ್ರ್ಯಾಕ್ಟರಿಗೂ ಅದಕ್ಕಿಂತ ಹೆಚ್ಚು ಕಸುವಿದೆ. ಅಂಥ ಕಾರಿನ ಮೇಲೆ ದೋಣಿ ಹೇರುವುದು ಆಗದ ಮಾತು. ಸಿಬ್ಲಿ ಅವರು ಕಾರು ಮಾಡುವವರ ಬಳಿಗೆ ಹೋಗಲಿಲ್ಲ, ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರರ ಕುಲುಮೆಗೆ ಹೋದರು. ಕುದುರೆಗೆ ಲಾಳ ಹೊಡೆಯುತ್ತ, ಗಾಡಿಗಳನ್ನು ಕಟ್ಟುತ್ತ ಬಂದಿದ್ದ ಕೈ ಅದು. ಫ್ರೂಹಾಫ್ ಮತ್ತು ಅವರ ಜತೆಗಾರ ಆಟೊ ನ್ಯೂಮನ್ ಎರಡು ಚಕ್ರದ ಒಂದು ಗಾಡಿ ಕಟ್ಟಿದರು. ಅದರ ಮುಂದಿನ ಮರವನ್ನು ಕಾರಿನ ಹಿಂಭಾಗಕ್ಕೆ ಕೀಲಿಸಿದರು. ದೋಣಿ ಊರು ಸೇರಿತು.

ಸಿಬ್ಲಿ ಅವರು ಅಷ್ಟಕ್ಕೇ ಬಿಡಲಿಲ್ಲ. ತಮ್ಮ ಅಡ್ಡೆಯ ಮರ ಸಾಗಿಸಲು ಅಂಥವೇ ಇನ್ನಷ್ಟು ಗಾಡಿ ಬೇಕೆಂದರು. 1918ರ ಹೊತ್ತಿಗೆ ಕುಲುಮೆ ಫ್ರೂಹಾಫ್ ಟ್ರೇಲರ್ ಕಂಪನಿಯಾಯಿತು. ಕುದುರೆ ಬೆನ್ನ ಮೇಲೆ ಹೊರುವುದಕ್ಕಿಂತ ಎಷ್ಟೋ ಪಾಲು ಹೆಚ್ಚನ್ನು ಎಳೆಯಬಲ್ಲದು, ಲಾರಿಯೂ ಹಾಗೆಯೇ ಎಂದು ಫ್ರೂಹಾಫ್ ಗಿರಾಕಿಗಳಿಗೆ ಜಾಹೀರಾತಿನಲ್ಲಿ ಹೇಳುತ್ತಿದ್ದರು. ಅಮೆರಿಕದ ಹೆದ್ದಾರಿಗಳಲ್ಲಿ ಇಂದು ಹರಿದಾಡುವ ಉದ್ದುದ್ದ ಟ್ರೇಲರ್ ಲಾರಿಗಳ ವಂಶಾವಳಿಯಲ್ಲಿ ಆ ದೋಣಿಯ ಗಾಡಿಗೆ ದೊಡ್ಡ ಜಾಗವಿದೆ.

ನಾನು ಕೆಲಸ ಮಾಡಿದ್ದು ಇದೇ ಡೆಟ್ರಾಯ್ಟಿನ ಪಕ್ಕದಲ್ಲಿ, ವಾಹನಗಳ ರೇಡಿಯೇಟರ್ ಮಾಡುವ ಕಡೆ. ಈಗ ನಿವೃತ್ತಿಯಾಗಿದೆ. ಕೆಲಸದ ಬಹುಪಾಲು ವರ್ಷಗಳು ಕಳೆದದ್ದು ಒಂದೇ ಪ್ರಶ್ನೆಯ ಹಿಂದೆ: ಪಿಕಪ್ ಟ್ರಕ್ಕಿನ ಹಿಂದೆ ಭಾರದ ಟ್ರೇಲರ್ ಕಟ್ಟಿ ಏರು ಹತ್ತಿಸಿದರೆ ಎಂಜಿನ್ನಿನ ಬಿಸಿ ಎಲ್ಲಿಗೆ ಹೋಗಬೇಕು? ಅದಕ್ಕೇ ಇರಬೇಕು, ಸಣ್ಣ ಎಂಜಿನ್ ದೊಡ್ಡ ಭಾರ ಎಳೆಯುವುದು ಇತ್ತೀಚಿನ ಪವಾಡ ಎಂಬಂತೆ ಯಾರಾದರೂ ಮಾತಾಡಿದರೆ ನನಗೆ ತಡೆಯುವುದಿಲ್ಲ. ಕಥೆ ಶುರುವಾದದ್ದೇ ಸಣ್ಣ ಎಂಜಿನ್ನಿನಿಂದ.

ಮಾಡೆಲ್ ಟಿಯ ಒಳಗೆ ನೋಡಿ. ಮೊದಲ ಕೆಲವು ಸಾವಿರ ಕಾರುಗಳ ನಂತರ ಅದಕ್ಕೆ ನೀರಿನ ಪಂಪೇ ಇರಲಿಲ್ಲ. ಕಾದ ನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಬರುತ್ತಿತ್ತು, ತಣಿದು ಕೆಳಗಿಳಿದು ಮತ್ತೆ ಎಂಜಿನ್ ಸೇರುತ್ತಿತ್ತು. ಖಾಲಿ ಕಾರಿಗೆ ಇಷ್ಟು ಸಾಕು. ಭಾರ ಕಟ್ಟಿ ಏರು ಹತ್ತಿಸಿದಾಗ ನೀರು ಕುದಿಯುತ್ತಿತ್ತು. 1910ರ ದಶಕದಲ್ಲಿ ರೇಡಿಯೇಟರ್ ಮುಚ್ಚಳದ ಮೇಲೆ ನಿಲ್ಲಿಸುವ ಬಾಯ್ಸ್ ಮೋಟೊಮೀಟರ್ ಎಂಬ ಉಷ್ಣಮಾಪಕ ಮಾರಾಟಕ್ಕೆ ಬಂತು. ಚಾಲಕ ಕೂತಲ್ಲಿಂದಲೇ ಗಾಜಿನ ಮೂಲಕ ಕೆಂಪು ರೇಖೆ ಏರುವುದನ್ನು ನೋಡುತ್ತ ಹೋಗಬಹುದಿತ್ತು. ನನ್ನ ಕಸುಬಿನ ಮೂಲಪುರುಷ ಯಾರೆಂದು ಕೇಳಿದರೆ ನಾನು ಆ ಉಪಕರಣವನ್ನೇ ತೋರಿಸುತ್ತೇನೆ. ಎಂಜಿನ್ನಿನ ಕಸುವು ಎಷ್ಟು ಎಂದು ಕೇಳುವುದನ್ನು ಬಿಟ್ಟು, ಆ ಕಸುವನ್ನು ಅದು ಎಷ್ಟು ಹೊತ್ತು ಕೊಡಬಲ್ಲದು ಎಂದು ಜನ ಕೇಳತೊಡಗಿದ್ದು ಅಲ್ಲಿಂದ.

ಇನ್ನೂ ಒಂದು ವಿಷಯ. ಮಾಡೆಲ್ ಟಿಯಲ್ಲಿ ಪೆಟ್ರೋಲು ಟ್ಯಾಂಕಿನಿಂದ ಎಂಜಿನ್ನಿಗೆ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಟ್ಯಾಂಕು ಸೀಟಿನ ಕೆಳಗೆ. ಕಡಿದಾದ ದಿಬ್ಬದಲ್ಲಿ ಮೂತಿ ಮೇಲಾದರೆ ಪೆಟ್ರೋಲು ಮುಂದಕ್ಕೆ ಹರಿಯುವುದಿಲ್ಲ. ಆಗ ಜನ ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ದಿಬ್ಬ ಹತ್ತುತ್ತಿದ್ದರು. ರಿವರ್ಸ್ ಗೇರು ಎಲ್ಲಕ್ಕಿಂತ ನಿಧಾನದ್ದು, ಆದ್ದರಿಂದ ಚಕ್ರಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಮುಟ್ಟಿಸುವಂಥದ್ದು. ಎಂಜಿನ್ ಅದೇ, ಗೇರು ಬೇರೆ. ಇದು ಫೋರ್ಡ್ ಕಂಪನಿಗೂ ಗೊತ್ತಿತ್ತು. 1917ರಲ್ಲಿ 1 ಟನ್ ಹೊರುವ ಮಾಡೆಲ್ ಟಿಟಿ ಟ್ರಕ್ಕನ್ನು ಅದು ತಂದಾಗ ಎಂಜಿನ್ ಬದಲಾಯಿಸಲಿಲ್ಲ. ಬದಲಾದದ್ದು ಹಿಂದಿನ ಅಚ್ಚಿನ ಗೇರು. ಕಾರಿನಲ್ಲಿ ಎಂಜಿನ್ ಕಡೆಯ ದಂಡ 3.64 ಸುತ್ತು ಸುತ್ತಿದರೆ ಚಕ್ರ 1 ಸುತ್ತು. ಟ್ರಕ್ಕಿನಲ್ಲಿ 7.25 ಸುತ್ತಿಗೆ 1. ವೇಗ ಅರ್ಧಕ್ಕಿಳಿಯಿತು, ಎಳೆತ ಎರಡರಷ್ಟಾಯಿತು. 1925ರ ಏಪ್ರಿಲ್‌ನಲ್ಲಿ ಕಾರ್ಖಾನೆಯಿಂದಲೇ ಹಿಂಬದಿಗೆ ತಗಡಿನ ತೊಟ್ಟಿ ಕೂರಿಸಿಕೊಂಡು 281 ಡಾಲರ್ ಬೆಲೆಯ ಪಿಕಪ್ ಹೊರಬಂತು. ರೈತರು ಅಷ್ಟರಲ್ಲಾಗಲೇ ತಮ್ಮ ಕಾರುಗಳ ಹಿಂಭಾಗ ಕತ್ತರಿಸಿ ಇಂಥದ್ದನ್ನು ತಾವೇ ಮಾಡಿಕೊಂಡಿದ್ದರು.

1930ರ ದಶಕದಲ್ಲಿ ಎಳೆಯುವ ಸರಕು ಬದಲಾಯಿತು. ಆರ್ಥಿಕ ಮಹಾಕುಸಿತದ ನಡುವೆಯೂ ಅಮೆರಿಕದ ಜನ ಮನೆಗಳನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಟರು. ಡೆಟ್ರಾಯ್ಟ್ ಸೀಮೆಯಲ್ಲೇ ಆರ್ಥರ್ ಶರ್ಮನ್ ಎಂಬ ಜೀವಾಣು ವಿಜ್ಞಾನಿ ಕವರ್ಡ್ ವ್ಯಾಗನ್ ಎಂಬ ಹೆಸರಿನಲ್ಲಿ ಮನೆ-ಟ್ರೇಲರುಗಳನ್ನು ಕಟ್ಟಿ ಮಾರಿ, ಆ ವ್ಯಾಪಾರದಲ್ಲಿ ಎಲ್ಲರಿಗಿಂತ ಮುಂದಾದರು. ಕ್ಯಾಲಿಫೋರ್ನಿಯದಲ್ಲಿ ಹಾಲಿ ಬೌಲಸ್ ವಿಮಾನ ಕಟ್ಟುವ ವಿದ್ಯೆಯನ್ನು ಟ್ರೇಲರಿಗೆ ತಂದರು. ಅಲ್ಯೂಮಿನಿಯಂ ತಗಡು, ಸಾಲು ಸಾಲು ರಿವೆಟ್ಟು, ಗಾಳಿ ಜಾರುವ ಮೈ. ಅದೇ ದಾರಿಯಲ್ಲಿ ವಾಲಿ ಬಯಮ್ 1936ರಲ್ಲಿ ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದರು. ಎಳೆಯುವ ಕಾರುಗಳ ಎಂಜಿನ್ನುಗಳು ಆಗ ಇನ್ನೂ ಚಿಕ್ಕವು. ಎಂಜಿನ್ ಬೆಳೆಯುವವರೆಗೆ ಕಾಯದೆ ಟ್ರೇಲರನ್ನೇ ಹಗುರ ಮಾಡಿದ ಇವರ ಕೆಲಸವನ್ನು ನಾನು ಎಷ್ಟು ಹೊಗಳಿದರೂ ಕಡಿಮೆ.

ಏರ್‌ಸ್ಟ್ರೀಮ್‌ನವರ ಒಂದು ಚಿತ್ರ ಹೆಸರುವಾಸಿ. 1947ರದು. ಅಲ್ಫ್ರೆಡ್ ಲೆಟುರ್ನೂರ್ ಎಂಬ ಫ್ರೆಂಚ್ ಸೈಕಲ್ ಪಂದ್ಯಗಾರ ಸೈಕಲ್ಲಿನ ಹಿಂದೆ ಇಡೀ ಟ್ರೇಲರನ್ನು ಕಟ್ಟಿಕೊಂಡು ಎಳೆಯುತ್ತಿದ್ದಾರೆ. ಇದರ ಜೋಡಿ ಎನ್ನಬಹುದಾದ ಇನ್ನೊಂದು ದೃಶ್ಯವನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. 2012ರ ಅಕ್ಟೋಬರ್‌ನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯನ್ನು ಲಾಸ್ ಏಂಜಲೀಸ್‌ನ ಬೀದಿಗಳಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದಾಗ, ಅದನ್ನೆಳೆದು 405 ಹೆದ್ದಾರಿಯ ಮೇಲಿನ ಸೇತುವೆ ದಾಟಿಸಿದ್ದು ಒಂದು ಟೊಯೊಟಾ ಟಂಡ್ರಾ ಪಿಕಪ್. ಗಾಡಿಯೂ ಸೇರಿ ಭಾರ ಸುಮಾರು 1,30,000 ಕೆಜಿ. ಎರಡೂ ನಿಜ, ಎರಡರಲ್ಲೂ ಮೋಸವಿಲ್ಲ. ಸಮತಟ್ಟಾದ ನೆಲದ ಮೇಲೆ, ಒಳ್ಳೆಯ ಬೇರಿಂಗು ಮತ್ತು ಗಟ್ಟಿ ಟೈರಿನ ಮೇಲೆ ಕೂತ ಭಾರ ನಿಧಾನವಾಗಿ ಉರುಳಲು ಬೇಡುವ ಬಲ ಬಹಳ ಸ್ವಲ್ಪ. ಆದರೆ ಇವನ್ನು ನೋಡಿ ಟ್ರಕ್ ಕೊಳ್ಳಬಾರದು. ಎಳೆಯುವವರಿಗೆ ನಿಜವಾದ ಪರೀಕ್ಷೆ ಇರುವುದು ಏರಿನಲ್ಲಿ, ಗಾಳಿಯಲ್ಲಿ, ಮತ್ತೆಲ್ಲಕ್ಕಿಂತ ಹೆಚ್ಚಾಗಿ ಇಳಿಜಾರಿನಲ್ಲಿ.

ಇಳಿಜಾರಿನ ಇತಿಹಾಸವನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ, ಬ್ರೇಕಿಗೆ ಜಾಹೀರಾತಿನ ಕಳೆ ಇಲ್ಲವಲ್ಲ. ವಿಸ್ಕಾನ್ಸಿನ್‌ನ ಬೆಲಾಯ್ಟ್ ಊರಿನಲ್ಲಿ ಆರ್ಥರ್ ವಾರ್ನರ್ 1920ರ ದಶಕದ ಕೊನೆಯಲ್ಲಿ ವಿದ್ಯುತ್ ಬ್ರೇಕುಗಳ ಕಂಪನಿ ತೆರೆದರು. ಟ್ರೇಲರಿನ ಚಕ್ರದ ಡ್ರಮ್ಮಿನೊಳಗೆ ಒಂದು ವಿದ್ಯುತ್ ಅಯಸ್ಕಾಂತ. ಮುಂದಿನ ವಾಹನದ ಬ್ಯಾಟರಿಯಿಂದ ತಂತಿಯಲ್ಲಿ ವಿದ್ಯುತ್ ಹರಿದೊಡನೆ ಅದು ತಿರುಗುತ್ತಿರುವ ಉಕ್ಕಿನ ಮುಖಕ್ಕೆ ಅಂಟಲು ಹೋಗುತ್ತದೆ, ಅಂಟಿದ ಸೆಳೆತಕ್ಕೆ ಒಂದು ಸನ್ನೆ ವಾಲುತ್ತದೆ, ಆ ಸನ್ನೆ ಬ್ರೇಕ್ ಪಟ್ಟಿಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಚಕ್ರ ಉರುಳುವ ಬಲವೇ ಚಕ್ರವನ್ನು ನಿಲ್ಲಿಸುತ್ತದೆ. ಇವತ್ತಿಗೂ ಇಲ್ಲಿನ ಬಹುಪಾಲು ಮನೆ-ಟ್ರೇಲರುಗಳಲ್ಲಿ ಇದೇ ತತ್ವ. ಹಲವು ರಾಜ್ಯಗಳಲ್ಲಿ 3,000 ಪೌಂಡ್, ಅಂದರೆ ಸುಮಾರು 1,360 ಕೆಜಿ ಮೀರಿದ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕೆಂಬ ಕಾನೂನಿದೆ. ಸಣ್ಣ ಎಂಜಿನ್ನಿನ ವಾಹನ ದೊಡ್ಡ ಟ್ರೇಲರಿನ ಮುಂದೆ ಧೈರ್ಯವಾಗಿ ನಿಲ್ಲಲು ಸಾಧ್ಯವಾದದ್ದು ಈ ಅಯಸ್ಕಾಂತದಿಂದ ಎಂದರೆ ಅತಿಶಯವಲ್ಲ.

ಕೊಂಡಿಯ ಕಥೆಯೂ ಅಷ್ಟೇ ಮುಖ್ಯ. ನನ್ನ ಅಜ್ಜ ಕಡಲೆಕಾಯಿ ಚೀಲ ಹೇರುವಾಗ ಮೊದಲು ನೋಡುತ್ತಿದ್ದದ್ದು ಗಾಡಿ ಮುಂಭಾರವೋ ಹಿಂಭಾರವೋ ಎಂದು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ. ತೀರಾ ಮುಂಭಾರವಾದರೆ ಹೆಗಲು ಕುಸಿಯುತ್ತದೆ. ನೊಗ ಹೆಗಲ ಮೇಲೆ ಹದವಾಗಿ ಕೂರುವವರೆಗೆ ಚೀಲಗಳನ್ನು ಅಚ್ಚಿನ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದರು. ಟ್ರೇಲರಿಗೂ ಇದೇ ನಿಯಮ. ಒಟ್ಟು ಭಾರದಲ್ಲಿ ಶೇಕಡಾ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಬೀಸಿಗೂ ಇನ್ನಷ್ಟು ಅಗಲವಾಗಿ, ಕೊನೆಗೆ ಮುಂದಿನ ವಾಹನವನ್ನೇ ರಸ್ತೆಯಿಂದ ಕೀಳುವಷ್ಟು. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಕೊಂಡಿಯ ಎರಡೂ ಬದಿಗೆ ಸ್ಪ್ರಿಂಗ್ ಉಕ್ಕಿನ ಕಂಬಿ ಜೋಡಿಸಿ, ಅವನ್ನು ಸರಪಳಿಯಿಂದ ಟ್ರೇಲರಿನ ಚೌಕಟ್ಟಿಗೆ ಎಳೆದು ಕಟ್ಟಿ, ಆ ಭಾರದ ಒಂದಷ್ಟನ್ನು ಮತ್ತೆ ಮುಂದಿನ ಚಕ್ರಗಳಿಗೆ ಹಂಚುವ ಕೊಂಡಿಗಳು ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಮನೆಮಾತಾದವು. ಅದೇ ಹೊತ್ತಿಗೆ, 1945ರಲ್ಲಿ, ಲಿಯೊನಾರ್ಡ್ ಮತ್ತು ಆ್ಯನಾ ಮೇರಿ ಶೋಯನ್ ದಂಪತಿ ವಾಷಿಂಗ್‌ಟನ್ ರಾಜ್ಯದಲ್ಲಿ 5,000 ಡಾಲರ್ ಬಂಡವಾಳದಿಂದ ಯು-ಹಾಲ್ ಆರಂಭಿಸಿದ್ದರು. ಒಂದೂರಲ್ಲಿ ಬಾಡಿಗೆಗೆ ಪಡೆದು ಇನ್ನೊಂದೂರಲ್ಲಿ ಬಿಟ್ಟುಹೋಗಬಹುದಾದ ಟ್ರೇಲರು. ಯುದ್ಧದಿಂದ ಮರಳಿ ಹೊಸ ಊರಲ್ಲಿ ಸಂಸಾರ ಹೂಡುವ ಕುಟುಂಬಗಳು ಸಾಮಾನ್ಯ ಕಾರಿನ ಹಿಂದೆ ಮನೆಸಾಮಾನು ಕಟ್ಟಿಕೊಂಡು ಹೋದವು.

ಆಮೇಲೆ ಬಂತು ದೊಡ್ಡ ಎಂಜಿನ್ನಿನ ಕಾಲ. ಫೋರ್ಡ್ 1932ರಲ್ಲೇ 8 ಸಿಲಿಂಡರಿನ ಅಗ್ಗದ ವಿ8 ತಂದಿತ್ತು. 1948ರಲ್ಲಿ ಎಫ್ ಸರಣಿಯ ಪಿಕಪ್‌ಗಳು ಬಂದವು. ಪೆಟ್ರೋಲು ಅಗ್ಗ, ರಸ್ತೆ ಹೊಸದು, ಎಂಜಿನ್ನು ವರ್ಷದಿಂದ ವರ್ಷಕ್ಕೆ ಉಬ್ಬುತ್ತ ಹೋಯಿತು. ಎಳೆಯಲು ವಿ8 ಬೇಕೇ ಬೇಕು ಎಂಬುದು ಅಪ್ಪನಿಂದ ಮಗನಿಗೆ ದಾಟುವ ನಂಬಿಕೆಯಾಯಿತು. 1973ರ ತೈಲ ಬಿಕ್ಕಟ್ಟು, ಅದರ ಬೆನ್ನಿಗೇ ಬಂದ ಇಂಧನ ಮಿತವ್ಯಯದ ಕಾನೂನು, ಇವೂ ಆ ನಂಬಿಕೆಯನ್ನು ಅಲುಗಾಡಿಸಲಿಲ್ಲ. ಅದಕ್ಕೆ ಮೊದಲ ಬಿರುಕು ಬಿಟ್ಟದ್ದು 1989ರಲ್ಲಿ. ಡಾಡ್ಜ್ ಪಿಕಪ್ಪಿನಲ್ಲಿ ಕಮಿನ್ಸ್ ಕಂಪನಿಯ 5.9 ಲೀಟರ್ ಡೀಸೆಲ್ ಎಂಜಿನ್ ಕೂತಿತು. 6 ಸಿಲಿಂಡರ್, 160 ಎಚ್‌ಪಿ. ಎಚ್‌ಪಿ ಓದಿದವರಿಗೆ ಇದೇನು ಮಹಾ ಅನ್ನಿಸುವಷ್ಟು. ಆದರೆ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಇತ್ತು, 400 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ, ಇತ್ತು, ಅದೂ ಎಂಜಿನ್ ಮೆಲ್ಲಗೆ ತಿರುಗುವಾಗಲೇ ಕೈಗೆ ಸಿಗುತ್ತಿತ್ತು. ಕುದುರೆ ಟ್ರೇಲರ್ ಎಳೆಯುವವರು, ದನ ಸಾಗಿಸುವವರು, ಹುಲ್ಲಿನ ಪೆಂಡಿ ಹೊರುವವರು ಅದನ್ನು ಕೊಂಡರು.

ಪೆಟ್ರೋಲಿನಲ್ಲಿ ಅಂಥದ್ದು ಬರಲು ಇನ್ನೂ 2 ದಶಕ ಬೇಕಾಯಿತು. 2011ರ ಎಫ್-150ರಲ್ಲಿ ಫೋರ್ಡ್ 3.5 ಲೀಟರಿನ ವಿ6ಗೆ 2 ಟರ್ಬೊ ಜೋಡಿಸಿ, ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸಿ, 365 ಎಚ್‌ಪಿ ತೆಗೆಯಿತು. 11,300 ಪೌಂಡ್, ಅಂದರೆ 5 ಟನ್ನಿಗೂ ಮಿಗಿಲಾದ ಟ್ರೇಲರ್ ಎಳೆಯಬಹುದೆಂದು ಘೋಷಿಸಿತು. ವಿ6 ಎಂದೊಡನೆ ಮೂಗು ಮುರಿಯುವ ಗಿರಾಕಿಗಳನ್ನು ನಂಬಿಸಲು ಒಂದೇ ಎಂಜಿನ್ನನ್ನು ಹಿಡಿದು, ಪ್ರಯೋಗಶಾಲೆಯಲ್ಲಿ ಓಡಿಸಿ, ಒರೆಗಾನ್ ಕಾಡಿನಲ್ಲಿ ದಿಮ್ಮಿ ಎಳೆಸಿ, ಫ್ಲಾರಿಡಾದ ರೇಸ್ ಟ್ರ್ಯಾಕಿನಲ್ಲಿ ರೇಸ್ ಕಾರುಗಳನ್ನು ಹೊತ್ತ ಟ್ರೇಲರನ್ನು 24 ಗಂಟೆ ಎಳೆಸಿ, ಮರುಭೂಮಿಯ ಪಂದ್ಯದಲ್ಲೂ ಓಡಿಸಿದರು. 2011ರ ಜನವರಿಯಲ್ಲಿ ಡೆಟ್ರಾಯ್ಟಿನ ವಾಹನ ಪ್ರದರ್ಶನದಲ್ಲಿ ಜನರೆದುರು ಅದನ್ನು ಬಿಚ್ಚಿ ಒಂದೊಂದು ಭಾಗವನ್ನೂ ತೋರಿಸಿದರು. ಜನ ಕೊಂಡರು. 2015ರಲ್ಲಿ 2.7 ಲೀಟರಿನದೂ ಬಂತು. 325 ಎಚ್‌ಪಿ, 8,500 ಪೌಂಡ್‌ವರೆಗಿನ ಎಳೆತ. ಸಿಬ್ಲಿ ಅವರ ದೋಣಿ ಎಳೆದ ಮಾಡೆಲ್ ಟಿಯ 2.9 ಲೀಟರ್ ಎಂಜಿನ್ನಿಗಿಂತ ಇದು ಚಿಕ್ಕದು!

ಚಿಕ್ಕ ಎಂಜಿನ್ನಿಗೆ ಗಾಳಿ ತುರುಕಿದರೆ ಕಸುವು ಬರುತ್ತದೆ, ನಿಜ. ಬಿಸಿಯೂ ಬರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಚಕ್ರಕ್ಕೆ ಎಷ್ಟು ಶಕ್ತಿ ಮುಟ್ಟುತ್ತದೋ ಸರಿಸುಮಾರು ಅಷ್ಟೇ ಶಾಖ ರೇಡಿಯೇಟರಿನ ನೀರಿಗೂ ಇಳಿಯುತ್ತದೆ. ಉಳಿದದ್ದು ಹೊಗೆಯಲ್ಲಿ ಹೋಗುತ್ತದೆ. ಟರ್ಬೊ ಒತ್ತಿದ ಗಾಳಿ ಕಾದಿರುತ್ತದೆ, ಅದನ್ನು ತಣಿಸಲು ರೇಡಿಯೇಟರಿನ ಮುಂದೆ ಇನ್ನೊಂದು ಜಾಲರಿ. ಗೇರ್‌ಬಾಕ್ಸ್ ಎಣ್ಣೆಗೆ ಮತ್ತೊಂದು, ಏಸಿಗೆ ಮಗದೊಂದು. ಇವೆಲ್ಲ ಒಂದರ ಹಿಂದೊಂದು ನಿಂತು ಅದೇ ಒಂದು ಕಿಂಡಿಯ ಗಾಳಿಗೆ ಕಾಯುತ್ತವೆ. ಏರಿನಲ್ಲಿ ವಾಹನ ನಿಧಾನವಾಗುವುದರಿಂದ ಎಲ್ಲಕ್ಕಿಂತ ಹೆಚ್ಚು ಗಾಳಿ ಬೇಕಾದ ಹೊತ್ತಲ್ಲೇ ಎಲ್ಲಕ್ಕಿಂತ ಕಡಿಮೆ ಗಾಳಿ ನುಗ್ಗುತ್ತದೆ. ನನ್ನಂಥವರು ಕೆಲಸ ಮಾಡಿದ್ದು ಆ ಕಿಂಡಿಯ ಹಿಂದಿನ ಕೆಲವೇ ಅಂಗುಲ ಜಾಗದಲ್ಲಿ.

ಇದಕ್ಕೆ ಒರೆಗಲ್ಲು ಆರಿಜೋನಾದಲ್ಲಿದೆ. ಕೊಲರಾಡೊ ನದಿಗೆ ಕಟ್ಟಿದ ಡೇವಿಸ್ ಅಣೆಕಟ್ಟಿನ ಬದಿಯಿಂದ ಬುಲ್‌ಹೆಡ್ ಸಿಟಿ ಬಿಟ್ಟು ಬೆಟ್ಟ ಹತ್ತುವ ರಾಜ್ಯ ಹೆದ್ದಾರಿ 68. ಸುಮಾರು 18 ಕಿಮೀ ಬಿಡುವಿಲ್ಲದ ಏರು, 900 ಮೀಟರ್ ಎತ್ತರ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಚಿತ್ರದುರ್ಗದ ಏಪ್ರಿಲ್ ತಂಪೆನ್ನಿಸುತ್ತದೆ. 2008ರವರೆಗೆ ಎಷ್ಟು ಎಳೆಯಬಹುದೆಂಬ ಅಂಕಿಯನ್ನು ಪ್ರತಿ ಕಂಪನಿಯೂ ತನ್ನದೇ ಅಳತೆಯಲ್ಲಿ ಹೇಳಿಕೊಳ್ಳುತ್ತಿತ್ತು. ಪಕ್ಕದವನು 100 ಪೌಂಡ್ ಏರಿಸಿದರೆ ತಾನು 200. ಆ ವರ್ಷ ಎಂಜಿನಿಯರುಗಳ ಸಂಘ ಎಸ್‌ಎಇ, ಜೆ2807 ಎಂಬ ಒಂದೇ ಅಳತೆಗೋಲು ಪ್ರಕಟಿಸಿತು. ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಸೆಕೆ, ಏಸಿ ಪೂರ್ತಿ ತೆರೆದಿರಬೇಕು, ಟ್ರೇಲರ್ ಕಟ್ಟಿ ಡೇವಿಸ್ ಅಣೆಕಟ್ಟಿನ ಏರು ಹತ್ತಬೇಕು, ಸಾಮಾನ್ಯ ಪಿಕಪ್ಪಿನ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು. ಶೇಕಡಾ 12ರ ಏರಿನಲ್ಲಿ ನಿಂತಲ್ಲಿಂದ ಮುಂದಕ್ಕೂ ಹಿಂದಕ್ಕೂ ಮತ್ತೆ ಮತ್ತೆ ಹೊರಡಬೇಕು. ಗಾಳಿಗೆ ಎದೆಯೊಡ್ಡುವ ಟ್ರೇಲರಿನ ಮುಖ ಎಷ್ಟು ವಿಸ್ತಾರವಿರಬೇಕೆಂಬುದೂ ನಿಗದಿ. 2.7 ಲೀಟರಿನ ಪಿಕಪ್ಪೂ ಅದರ 8,500 ಪೌಂಡಿನ ಟ್ರೇಲರೂ ಸೇರಿ 6,300 ಕೆಜಿ ಎಂದಿಟ್ಟುಕೊಂಡರೆ, ಆ ವೇಗದಲ್ಲಿ ಆ ಬೆಟ್ಟ ಹತ್ತಲು ಬರೀ ಎತ್ತರಕ್ಕೇ 70 ಎಚ್‌ಪಿಗಿಂತ ಹೆಚ್ಚು ಬೇಕು, ಗಾಳಿಯ ಲೆಕ್ಕ ಬೇರೆ. ಕಾಲು ಗಂಟೆಗೂ ಮಿಕ್ಕಿ ಅದು ಅಷ್ಟನ್ನೂ ಎಡೆಬಿಡದೆ ಕೊಡುತ್ತಿರಬೇಕು.

ಟೊಯೊಟಾ ಎಲ್ಲರಿಗಿಂತ ಮೊದಲು, 2011ರ ಮಾದರಿಗಳಿಂದ, ಈ ಅಳತೆಗೆ ಒಪ್ಪಿ ತನ್ನ ಟಂಡ್ರಾದ ಅಂಕಿಗಳನ್ನು ಕೆಳಗಿಳಿಸಿತು. ಡೆಟ್ರಾಯ್ಟಿನ ಮೂರು ಕಂಪನಿಗಳು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಮಾರಾಟದ ಕಣದಲ್ಲಿ ನಿಂತು ತನ್ನ ಅಂಕಿಯನ್ನು ತಾನೇ ಇಳಿಸಿಕೊಂಡದ್ದು ಸಣ್ಣ ಮಾತಲ್ಲ. ಈ ಕಸುಬಿನ ಚರಿತ್ರೆಯಲ್ಲಿ ನಾನು ಮನಸಾರೆ ಗೌರವಿಸುವ ನಿರ್ಧಾರಗಳಲ್ಲಿ ಅದೊಂದು.

ಇಲ್ಲಿಯ ಕನ್ನಡ ಕೂಟದ ಹುಡುಗರು ಈಚೆಗೆ ಮನೆ-ಟ್ರೇಲರ್ ಕೊಳ್ಳತೊಡಗಿದ್ದಾರೆ. ಮಕ್ಕಳನ್ನು ಕರೆದುಕೊಂಡು ಸರೋವರಗಳ ಕಡೆ ಹೋಗುತ್ತಾರೆ. ಹಾಸನದ ಕಡೆಯ ಒಬ್ಬ ಹುಡುಗ ಕೇಳಿದ, "ಅಕ್ಕಾ, ನಂದು 2.7 ವಿ6. 8,500 ಪೌಂಡ್ ಎಳೆಯುತ್ತೆ ಅಂತ ಬರೆದಿದೆ. ಅಷ್ಟು ದೊಡ್ಡದೇ ತಗೊಳ್ಳಲಾ?" ಚಾಲಕನ ಬಾಗಿಲು ತೆಗೆಸಿ, ಕಂಬಕ್ಕೆ ಅಂಟಿಸಿದ ಹಳದಿ-ಬಿಳಿ ಚೀಟಿ ಓದಿಸಿದೆ. ಕೂತವರೂ ಸಾಮಾನೂ ಸೇರಿ ಈ ವಾಹನ ಹೊರಬಹುದಾದ ಭಾರ 700 ಕೆಜಿ ಎಂದಿತ್ತು. 8,500 ಪೌಂಡ್ ಎಂದರೆ 3,855 ಕೆಜಿ, ಅದರಲ್ಲಿ ಶೇಕಡಾ 12 ಕೊಂಡಿಯ ಮೇಲೆ ಬಂದರೆ 460 ಕೆಜಿ. ಅವನ ಅಪ್ಪ ಅಮ್ಮನೂ ಸೇರಿ ಮನೆಯ 5 ಮಂದಿ, 350. ಚೀಟಿಯ ಮಿತಿ ಆಗಲೇ 110 ಕೆಜಿ ಮೀರಿತು, ಇನ್ನೂ ಅಕ್ಕಿಚೀಲ, ಕುಕ್ಕರು, ಸೈಕಲ್ಲು ಹತ್ತಿಯೇ ಇಲ್ಲ. ಎಂಜಿನ್ನಿನ ಮಾತು ಬರುವ ಮೊದಲೇ ಸ್ಪ್ರಿಂಗು, ಅಚ್ಚು, ಟೈರುಗಳ ಲೆಕ್ಕ ಮುಗಿದಿತ್ತು. ಅವನು 5,000 ಪೌಂಡಿನ ಒಳಗಿನ ಟ್ರೇಲರ್ ಆರಿಸಿಕೊಂಡ. ಕೊಂಡಿಯ ಮೇಲೆ 270 ಕೆಜಿ, ಮನೆಯವರು 350, ಉಳಿದ 80ರಲ್ಲಿ ಅಡುಗೆ ಸಾಮಾನು. ಹೊರಡುವ ಮುಂಚೆ ಖಾಲಿ ಮೈದಾನದಲ್ಲಿ ಮೆಲ್ಲಗೆ ಓಡಿಸುತ್ತ, ಟ್ರಕ್ಕಿನ ಬ್ರೇಕ್ ಮುಟ್ಟದೆ ಟ್ರೇಲರಿನ ಬ್ರೇಕ್ ಕಂಟ್ರೋಲರನ್ನಷ್ಟೇ ಕೈಯಲ್ಲಿ ಒತ್ತಿ ನೋಡಲು ಹೇಳಿದೆ. ಹಿಂದಿನಿಂದ ಟ್ರೇಲರು ಟ್ರಕ್ಕನ್ನು ಹಿಡಿದೆಳೆದಂತೆ ಆಗಬೇಕು, ಚಕ್ರ ಜಾಮ್ ಆಗಬಾರದು. ಅವರಮ್ಮ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಮಗನಿಗೆ ಇನ್ನೊಂದು ಸಲ ಒತ್ತಿ ನೋಡು ಎಂದರು. ಅವನು ಒತ್ತಿ ನೋಡಿದ.